ನೆಟ್ಟು ಬೆಳೆಸಲಾಗದ ಕಾಡು

ಒಂದು ನಾಡಿನ ಪ್ರಾಚೀನತೆಯನ್ನು ಹೇಳಿಕೊಳ್ಳಬೇಕಾದಾಗ ನಾವು ಶಿಲಾಶಾಸನಗಳನ್ನೂ, ದೇವಾಲಯಗಳನ್ನೂ, ತಾಳೆಯೋಲೆಯ ಕಟ್ಟುಗಳನ್ನೂ ಮುಂದಿಡುವುದು ವಾಡಿಕೆ. ಇವುಗಳಲ್ಲಿ ಯಾವುದೊಂದು ಜೀರ್ಣವಾದರೂ ಪತ್ರಿಕೆಗಳಲ್ಲಿ ಲೇಖನಗಳು ಬರುವುವು, ಸಮಿತಿಗಳು ಏರ್ಪಡುವುವು, ಊರವರ ವಂತಿಗೆ ಕೂಡುವುದು. ಆದರೆ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳ ಮೂಡಣ ದಿಕ್ಕಿನಲ್ಲಿ, ನಮ್ಮ ಅತ್ಯಂತ ಹಳೆಯ ಶಾಸನಕ್ಕಿಂತಲೂ ಎಷ್ಟೋ ಪಾಲು ಹಳೆಯದಾದ ಒಂದು ಕಾಡು ಇಂದಿಗೂ ಜೀವದಿಂದ ನಿಂತಿರುವುದು. ಅದನ್ನು ಪ್ರಾಚೀನ ವಸ್ತುವೆಂದು ಎಣಿಸುವವರು ವಿರಳ. ಬೇಸಾಯಗಾರನಿಗೆ ಅದು ಆನೆ ಇಳಿದು ಬರುವ ದಿಕ್ಕು. ಪೇಟೆಯ ತರುಣರಿಗೆ ರಜಾದಿನದ ವಿಹಾರಸ್ಥಳ. ಕಚೇರಿಯವರಿಗೆ ನಕ್ಷೆಯ ಮೇಲೆ ಬಳಿದ ಹಸುರು ಬಣ್ಣ. ಇದು ಇವೆಲ್ಲಕ್ಕಿಂತ ಬೇರೆಯಾದ ವಸ್ತು, ಒಮ್ಮೆ ಕೈಬಿಟ್ಟರೆ ಯಾವ ಸರಕಾರವೂ ಯಾವ ಹಣದಿಂದಲೂ ಮರಳಿ ತರಲಾಗದ ವಸ್ತು ಎಂಬುದನ್ನು ನಮ್ಮ ವಾಚಕರ ಮುಂದಿಡಬೇಕೆಂದು ಇಂದು ಈ ವಿಷಯವನ್ನೆತ್ತಿಕೊಂಡಿದ್ದೇವೆ.

ಪುಷ್ಪಗಿರಿ ವನ್ಯಜೀವಿಧಾಮವೆಂದು ಸರಕಾರದ ದಫ್ತರಿನಲ್ಲಿ ಹೆಸರು ಪಡೆದಿರುವ ಪ್ರದೇಶವು ಕೊಡಗಿನ ಸೋಮವಾರಪೇಟೆ ತಾಲೂಕಿಗೆ ಸೇರಿದುದು. ೧೯೮೭ರಲ್ಲಿ ಅದನ್ನು ಧಾಮವೆಂದು ಸಾರಿದರು. ಅದರ ವಿಸ್ತೀರ್ಣ ಸುಮಾರು ೧೦೨ ಚದರ ಕಿಲೋಮೀಟರ್. ಅದರ ಪಡುವಣ ಅಂಚಿನಲ್ಲಿ ಕಡಬ ತಾಲೂಕಿನ ಸುಬ್ರಹ್ಮಣ್ಯ, ಬಿಳಿನೆಲೆ, ಕೊಂಬಾರು ಸೀಮೆಯ ಕಾಡುಗಳು. ಬಡಗಲಾಗಿ ಹಾಸನ ಜಿಲ್ಲೆಯ ಬಿಸಿಲೆ. ತೆಂಕಲಾಗಿ ಕಡಮಕಲ್ಲು, ಪಟ್ಟಿಘಾಟ್ ಮೀಸಲು ಕಾಡುಗಳು. ಅಲ್ಲಿಂದ ಮುಂದಕ್ಕೆ ಘಟ್ಟದ ಸಾಲು ಸುಳ್ಯ ತಾಲೂಕಿನ ಬೆನ್ನನ್ನು ಹಿಡಿದು ಸಂಪಾಜೆಯ ಮೇಲಾಗಿ ತಲಕಾವೇರಿಯ ಕಡೆಗೆ ಸಾಗುವುದು. ಮೂರು ಜಿಲ್ಲೆಗಳ ಅಧಿಕಾರಿಗಳು ತಮ್ಮ ತಮ್ಮ ಕಲ್ಲುಗಳನ್ನು ನೆಟ್ಟು ಗಡಿ ಗುರುತಿಸಿಕೊಂಡಿರುವರು. ಮಂಗಟ್ಟೆ ಹಕ್ಕಿಗಾಗಲಿ ಆನೆಗಾಗಲಿ ಈ ಗಡಿಗಳು ತಿಳಿಯವು. ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮಘಟ್ಟಗಳ ೩೯ ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕಕ್ಕೆ ದೊರೆತುದು ಹತ್ತು. ಆ ಹತ್ತರಲ್ಲಿ ಪುಷ್ಪಗಿರಿಯೂ ಒಂದು. ಹೊರದೇಶದವರು ಮೆಚ್ಚಿದರೆಂಬ ಕಾರಣಕ್ಕೆ ನಮ್ಮ ವಸ್ತುವಿಗೆ ಬೆಲೆ ಬರಬೇಕಾಗಿಲ್ಲ. ಆದರೂ ಪರರು ಕಂಡ ಬೆಲೆಯನ್ನು ಮನೆಯವರೇ ಕಾಣದಿರುವುದು ಶೋಭೆಯಲ್ಲ.

ಪೇಟೆಯಲ್ಲಿರುವ ನಮಗೂ ಆ ಕಾಡಿಗೂ ಏನು ಸಂಬಂಧವೆಂದು ಕೇಳುವವರು ಬೇಸಗೆಯಲ್ಲೊಮ್ಮೆ ಉಪ್ಪಿನಂಗಡಿಯ ಸಂಗಮಕ್ಕೆ ಹೋಗಿ ನಿಲ್ಲಬೇಕು. ಕುಮಾರಪರ್ವತದ ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರೆಯು ಸುಬ್ರಹ್ಮಣ್ಯವನ್ನು ಹಾದು, ದಾರಿಯಲ್ಲಿ ಗುಂಡ್ಯ ಹೊಳೆಯನ್ನು ಕೂಡಿಸಿಕೊಂಡು, ಇಲ್ಲಿ ನೇತ್ರಾವತಿಯನ್ನು ಸೇರುವುದು. ಆ ಕೂಡಿದ ನೀರನ್ನೇ ತುಂಬೆಯಲ್ಲಿ ಕಟ್ಟಿ ನಿಲ್ಲಿಸಿ ಮಂಗಳೂರಿನ ಮನೆಮನೆಗೂ ಹರಿಸುತ್ತಿರುವರು. ಸುಳ್ಯದ ಪೇಟೆಯ ಬದಿಯಲ್ಲಿ ಹರಿಯುವ ಪಯಸ್ವಿನಿಯು ಸಂಪಾಜೆಯ ಮೇಲಿನ ಘಟ್ಟದಿಂದಿಳಿದು, ಗಡಿ ದಾಟಿ, ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುವುದು. ಅಲ್ಲಿಯ ನಮ್ಮ ಕನ್ನಡ ಬಾಂಧವರ ಗದ್ದೆ ತೋಟಗಳಿಗೂ ಅದೇ ನೀರು. ಮಳೆ ಎಲ್ಲೆಡೆಯೂ ಬೀಳುವುದು. ಆದರೆ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡು ಮಾಘ ಫಾಲ್ಗುಣದವರೆಗೂ ತೊಟ್ಟು ತೊಟ್ಟಾಗಿ ಬಿಟ್ಟುಕೊಡುವ ಕೆಲಸವನ್ನು ಹಳೆಯ ಕಾಡಿನ ನೆಲ ಮಾಡುವಷ್ಟು ಚೆನ್ನಾಗಿ ಬೇರಾವ ನೆಲವೂ ಮಾಡದು. ನಲ್ಲಿಯನ್ನು ತಿರುಗಿಸುವ ಪ್ರತಿಯೊಬ್ಬ ನಾಗರಿಕನೂ ಆ ಕಾಡಿನ ಒಕ್ಕಲೇ ಸರಿ.

ಮಳೆಗಾಲ ಕಳೆದ ಮೇಲೆ ಇಲಾಖೆಯ ಅನುಮತಿ ಪಡೆದು ನಾವು ಕುಮಾರಪರ್ವತದ ದಾರಿಯನ್ನು ಹಿಡಿದೆವು. ಶಿಖರದ ಎತ್ತರ ೧೭೧೨ ಮೀಟರ್. ಸುಬ್ರಹ್ಮಣ್ಯದ ಬುಡದಿಂದ ಎಣಿಸಿದರೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರು. ದೇವರಗದ್ದೆಯನ್ನು ದಾಟುತ್ತಲೇ ತೋಟದ ಬೆಳಕು ಹಿಂದುಳಿಯಿತು. ಮೊದಲು ಕಣ್ಣಿಗೆ ಬಿದ್ದುದು ಏನೂ ಇಲ್ಲ. ಕಾಡೆಂದರೆ ಹೆಜ್ಜೆಹೆಜ್ಜೆಗೂ ಮೃಗಗಳೆಂದು ಎಣಿಸಿಹೋಗುವವನಿಗೆ ಹಳೆಯ ಕಾಡು ಮೊದಲ ಗಳಿಗೆಯಲ್ಲಿ ನಿರಾಶೆಯನ್ನೇ ಕೊಡುವುದು. ಸುತ್ತಲೂ ಮಬ್ಬು, ಹಸಿ ಎಲೆಯ ವಾಸನೆ, ಪಾದದ ಕೆಳಗೆ ಹಾಸಿಗೆಯಂತೆ ಮೆತ್ತಗಾದ ತರಗು, ಕಾಲಿಗೆ ಹತ್ತುವ ಉಂಬುಳ. ಜತೆಯಲ್ಲಿ ಬಂದ ಮಲೆಕುಡಿಯ ಹಿರಿಯರೊಬ್ಬರು ನಮ್ಮ ಅವಸರವನ್ನು ಕಂಡು, “ನಡೆಯುವುದನ್ನು ನಿಲ್ಲಿಸಿ ಸ್ವಾಮೀ, ಆಮೇಲೆ ಕಾಡು ನಡೆಯುವುದು ಕಾಣುತ್ತದೆ” ಎಂದರು. ಅವರ ಮಾತಿನಂತೆ ಭೀಮನ ಬಂಡೆಯ ಈಚೆಗೆ ಒಂದು ಹೆಮ್ಮರದ ಬುಡದಲ್ಲಿ ಸುಮ್ಮನೆ ಕುಳಿತೆವು.

ಆಗ ಒಂದೊಂದಾಗಿ ತೋರತೊಡಗಿತು. ತಲೆಯ ಮೇಲೆ, ತೆಂಗಿನ ಮರದ ಎರಡಾಳು ಎತ್ತರದಲ್ಲಿ, ಕೆಂದಳಿಲೊಂದು ಕೊಂಬೆಯಿಂದ ಕೊಂಬೆಗೆ ಹಾರಿತು. ಅದು ನೆಲಕ್ಕಿಳಿಯುವುದು ಅಪರೂಪ, ಮರದ ಮೇಲಣ ದಾರಿ ಕಡಿಯದಿದ್ದರೆ ಮಾತ್ರ ಅದರ ಸಂಸಾರ ನಡೆಯುವುದು. ಹಾರುವ ಓತಿಯೊಂದು ಪಕ್ಕೆಯ ತೊಗಲನ್ನು ಬಿಡಿಸಿ ಒಂದು ಬೊಡ್ಡೆಯಿಂದ ಇನ್ನೊಂದಕ್ಕೆ ತೇಲಿಹೋಯಿತು. ಎಲ್ಲಿಂದಲೋ ರೆಕ್ಕೆಯ ಭಾರವಾದ ಸದ್ದು ಕೇಳಿ ಬಂತು. ತಿದಿಯೂದಿದಂತೆ ಗಾಳಿಯನ್ನು ಸೀಳುತ್ತ ದೊಡ್ಡ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಮರಗಳ ತುದಿಯ ಮೇಲೆ ಹಾದುಹೋಯಿತು. ಹಿರಿಯರು ಮರಗಳನ್ನು ನೆಂಟರಂತೆ ಹೆಸರು ಹಿಡಿದು ತೋರಿಸಿದರು: ಇದು ಧೂಪ, ಇದು ಕಿರಾಲಬೋಗಿ, ಇದು ಹೆಬ್ಬಲಸು, ಇದು ನಾಗಸಂಪಿಗೆ, ಅದು ರಾಂಪತ್ರೆ, ಅಲ್ಲಿ ಹಬ್ಬಿರುವುದು ಬೆತ್ತ. ಗಿರಿಗದ್ದೆಯಿಂದ ಮೇಲಕ್ಕೆ ಕಾಡು ಸರಿದು ಹುಲ್ಲುಗಾವಲು ತೆರೆಯುವುದು. ಕಲ್ಲುಮಂಟಪವನ್ನೂ ಶೇಷಪರ್ವತವನ್ನೂ ದಾಟಿದ ಮೇಲೆ ಕಣಿವೆಯ ಮಡಿಲಲ್ಲಿ ಮತ್ತೆ ಕುಳ್ಳು ಮರಗಳ ದಟ್ಟ ಸೋಲೆ. ಹುಲ್ಲನ್ನು ಕಂಡು ಇಲ್ಲಿ ಕಾಡು ಹಾಳಾಗಿದೆಯೆಂದು ಭಾವಿಸಿ ಗಿಡ ನೆಡಹೊರಡುವವರು ಇರುವರು. ಗಾಳಿ ಬೀಸುವ ಆ ಶಿಖರಗಳಲ್ಲಿ ಹುಲ್ಲೂ ಸೋಲೆಯೂ ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಕಾಟಿಯೂ ಕಡವೆಯೂ ಒಂದರಲ್ಲಿ ಮೇದು ಮತ್ತೊಂದರಲ್ಲಿ ಮಲಗುವುವು.

ಈ ಕಾಡನ್ನು ಏಕೆ ನೆಟ್ಟು ಬೆಳೆಸಲಾಗದು ಎಂಬುದು ಈಗ ವಿಚಾರಮಾಡಬೇಕಾದ ಮುಖ್ಯ ಪ್ರಶ್ನೆ. ಒಂದು ಮರ ಕಡಿದರೆ ಹತ್ತು ಗಿಡ ನೆಡುವೆವೆಂದು ಎಲ್ಲ ಯೋಜನೆಗಳ ಕಾಗದದಲ್ಲಿಯೂ ಬರೆದಿರುವುದು. ಭತ್ತದ ಬೀಜವನ್ನು ಮುಡಿ ಕಟ್ಟಿ ಅಟ್ಟದ ಮೇಲಿಟ್ಟರೆ ಮುಂದಿನ ಏಣೆಲಿಗೆ ಬರುವುದು. ಧೂಪ, ಕಿರಾಲಬೋಗಿ ಮೊದಲಾದ ಮರಗಳ ಬೀಜದ ಸ್ವಭಾವ ಹಾಗಲ್ಲ. ಅದು ಮಳೆಗಾಲದ ಮೊದಲಲ್ಲಿ ಉದುರಿ, ಹಸಿಯಾದ ನೆರಳಿನ ನೆಲದಲ್ಲಿ ಕೆಲವೇ ದಿನಗಳೊಳಗೆ ಮೊಳೆಯಬೇಕು, ಇಲ್ಲವಾದರೆ ಸತ್ತುಹೋಗುವುದು. ಒಣಗಿಸಿ ಉಗ್ರಾಣದಲ್ಲಿಡುವ ಉಪಾಯ ಅಲ್ಲಿ ನಡೆಯದು. ಮೊಳೆತ ಸಸಿಗೆ ತಾಯಿಮರದ ನೆರಳು ವರ್ಷಗಟ್ಟಲೆ ಬೇಕು. ಬಿಸಿಲಿಗೆ ತೆರೆದ ನೆಲದಲ್ಲಿ ಅದು ಬಾಡುವುದು, ಮುಳ್ಳುಪೊದೆಯೂ ಕಮ್ಯುನಿಸ್ಟ್ ಗಿಡವೆಂದು ನಮ್ಮವರು ಕರೆಯುವ ಕಳೆಯೂ ಏಳುವುವು. ಕಾಡು ಬೆಳೆಯಲು ಕಾಡೇ ಬೇಕೆಂಬುದು ಇಲ್ಲಿಯ ಧರ್ಮ.

ಇನ್ನೊಂದು ಕೊಂಡಿಯನ್ನು ನೋಡುವ. ರಾಂಪತ್ರೆಯ ಕಾಯಿ ಒಡೆದಾಗ ಬೀಜವನ್ನು ಸುತ್ತಿರುವ ಕೆಂಪು ಪತ್ರೆ ಕಾಣುವುದು. ಮಂಗಟ್ಟೆ ಹಕ್ಕಿ ಅದನ್ನು ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ದೂರದಲ್ಲಿ ಕಕ್ಕುವುದು; ಅಲ್ಲಿ ಹೊಸ ಮರ. ಆ ಹಕ್ಕಿಯ ಸಂಸಾರವಾದರೋ ಹಳೆಯ ಮರದ ದೊಡ್ಡ ಪೊಟರೆಯಿಲ್ಲದೆ ನಡೆಯದು. ಹೆಣ್ಣು ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಮುಚ್ಚಿಕೊಳ್ಳುವುದು, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುವುದು. ಮರಿ ಬಲಿಯುವ ತನಕ ಗಂಡು ಹಗಲೆಲ್ಲ ಹಣ್ಣು ತಂದು ಆ ಸೀಳಿನಿಂದ ಉಣಿಸುವುದು. ಗಂಡು ಬೇಟೆಗೆ ಬಲಿಯಾದರೆ ಒಳಗಿರುವ ಸಂಸಾರವೇ ಉಪವಾಸ ಬೀಳುವುದು. ಹತ್ತು ವರ್ಷದ ನೆಡುತೋಪಿನಲ್ಲಿ ಪೊಟರೆ ಎಲ್ಲಿಂದ ಬರಬೇಕು? ಪೊಟರೆಯಿಲ್ಲದೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದೆ ಬೀಜ ಹರಡದು, ಬೀಜ ಹರಡದೆ ಮುಂದಿನ ಕಾಡಿಲ್ಲ. ಕಾಳಿಂಗಸರ್ಪವು ತರಗೆಲೆಯನ್ನು ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆಯನ್ನು ಕಾಯುವುದು; ಅದಕ್ಕೆ ಬೇಕಾದ ತರಗೂ ತಂಪೂ ಅಲ್ಲಿಯೇ ಉಂಟು. ಗುಂಡ್ಯದ ಕಾಡಿನಲ್ಲಿ ದೊರೆತು ೧೯೮೬ರಲ್ಲಿ ವಿಜ್ಞಾನಿಗಳು ವರ್ಣಿಸಿದ ಒಂದು ಕಪ್ಪೆಗೆ ಗುಂಡ್ಯದ ಹೆಸರನ್ನೇ ಇಟ್ಟಿರುವರು. ಆ ಕುಲದ ಕಪ್ಪೆಗಳ ಮರಿಗಳು ಕೆರೆಯಲ್ಲಿ ಈಜದೆ, ನೀರು ಜಿನುಗುವ ಬಂಡೆಯ ಮೈಗೆ ಅಂಟಿಕೊಂಡು ಬೆಳೆಯುವುವು. ಬಂಡೆಯ ಮೇಲಿನ ಮರಗಳು ಹೋದರೆ ಜಿನುಗು ನಿಲ್ಲುವುದು. ಜಿನುಗು ನಿಂತರೆ ಆ ಕುಲ ನಿಲ್ಲುವುದು. ಬೆರಳುದ್ದದ ಒಂದು ಕಪ್ಪೆ ಹೋದರೆ ಲೋಕಕ್ಕೇನು ನಷ್ಟವೆಂದು ನಗುವವರಿಗೆ ನಮ್ಮ ಉತ್ತರವಿಷ್ಟೇ: ಆ ಜಿನುಗೇ ಮುಂದೆ ಹೊಳೆಯಾಗುವುದು.

ಇದಕ್ಕೆ ವ್ಯತಿರಿಕ್ತವಾದ ದೃಶ್ಯವನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ೧೯೬೪ರ ಒಪ್ಪಂದದ ತರುವಾಯ ನೆಲೆ ಕಲ್ಪಿಸಲೆಂದು ಸುಳ್ಯ ಪುತ್ತೂರು ಸೀಮೆಗಳಲ್ಲಿ ಸರಕಾರದಿಂದ ರಬ್ಬರಿನ ತೋಪುಗಳು ಬೆಳೆದುವು. ನಿರಾಶ್ರಿತರಿಗೆ ಅನ್ನ ಕೊಟ್ಟ ಆ ಕಾರ್ಯವನ್ನು ನಾವು ಹಳಿಯುವವರಲ್ಲ. ಆದರೆ ಆ ತೋಪಿನೊಳಗೆ ಒಂದು ಗಳಿಗೆ ನಿಂತು ಕಿವಿಗೊಟ್ಟರೆ ಭೇದ ತಾನೇ ತಿಳಿಯುವುದು. ಅಲ್ಲಿ ಮರಗಳಿವೆ, ನೆರಳೂ ಇದೆ. ಹಣ್ಣಿಲ್ಲ, ಪೊಟರೆಯಿಲ್ಲ, ಹಕ್ಕಿಯ ದನಿ ವಿರಳ. ದೂರದಿಂದ ತೆಗೆದ ಚಿತ್ರದಲ್ಲಿ ಎರಡೂ ಹಸುರೇ. ರಬ್ಬರು, ಅಕೇಸಿಯಾ, ಹಳೆಯ ಕಾಡು ಮೂರನ್ನೂ ಒಂದೇ ಕಾಲಮಿನಲ್ಲಿ ಕೂಡಿಸಿ ಕಾಡು ಹೆಚ್ಚಿತೆಂದು ಹಿಗ್ಗುವುದು, ಚಿನ್ನವನ್ನೂ ಹಿತ್ತಾಳೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಐಶ್ವರ್ಯ ಹೆಚ್ಚಿತೆಂದು ಲೆಕ್ಕ ಬರೆದಂತೆ. ಇಂಗ್ಲೆಂಡಿನವರು ೧೬೦೦ನೆಯ ಇಸವಿಯಿಂದ ಎಡೆಬಿಡದೆ ಉಳಿದುಬಂದ ತೋಪುಗಳನ್ನು ಪ್ರಾಚೀನ ಕಾಡುಗಳೆಂದು ಬೇರೆಯಾಗಿಯೇ ಪಟ್ಟಿಮಾಡಿ, ಅವು ನಷ್ಟವಾದರೆ ತುಂಬಿಕೊಡಲಾಗದ ಸೊತ್ತೆಂದು ಒಪ್ಪಿರುವರು. ನಾನೂರು ವರ್ಷದ ತೋಪಿಗೆ ಅವರು ಕೊಡುವ ಗೌರವವನ್ನು ಅದಕ್ಕಿಂತ ಎಷ್ಟೋ ಹಳೆಯ ನಮ್ಮ ಕಾಡಿಗೆ ಕೊಡಲು ನಮಗೇನು ಅಡ್ಡಿ?

ಕಾಡಿನ ವಿಷಯವನ್ನು ಮಾತನಾಡುವಾಗ ಕಾಡಿನ ಬದಿಯಲ್ಲಿ ಬಾಳುವ ಜನರನ್ನು ಮರೆಯುವುದು ನಮ್ಮ ಕಾಲದ ದೊಡ್ಡ ದೋಷ. ಅದರ ಬೇರು ಹಳೆಯದು. ೧೮೩೪ರಲ್ಲಿ ಕೊಡಗಿನ ರಾಜ್ಯವನ್ನು ಕಬಳಿಸಿದ ಇಂಗ್ಲಿಷ್ ಕಂಪೆನಿಯವರು ಅಮರಸುಳ್ಯ ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಡಿದು ಕನ್ನಡ ಜಿಲ್ಲೆಗೆ ಕೂಡಿಸಿದರು. ಧಾನ್ಯದಲ್ಲಿ ಸಲ್ಲಿಸುತ್ತಿದ್ದ ತೀರುವೆಯನ್ನು ನಗದಾಗಿ ಕೇಳಿದರು. ೧೮೩೭ರಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೂ ನುಗ್ಗಿದ ರೈತರ ದಂಡಿನ ವೃತ್ತಾಂತ ನಮ್ಮ ವಾಚಕರಿಗೆ ತಿಳಿದುದೇ. ಮುಂದೆ ಇಂಗ್ಲಿಷ್ ಸರಕಾರವು ಕುಮರಿ ಬೇಸಾಯವನ್ನು ತಡೆದು, ೧೮೮೨ರ ಮದರಾಸು ಅರಣ್ಯ ಕಾಯಿದೆಯ ಮೂಲಕ ಕಾಡುಗಳನ್ನು ಮೀಸಲೆಂದು ಸಾರಿತು. ವರ್ಗದಾರನಿಗೆ ತನ್ನ ಕೃಷಿಭೂಮಿಯ ಸುತ್ತ ನೂರು ಗಜದೊಳಗೆ ಸೊಪ್ಪು ಸೌದೆಗಳ ಕುಮ್ಕಿ ಹಕ್ಕು ಉಳಿಯಿತು. ಮೀಸಲಾದ ಮರಗಳು ರೈಲುದಾರಿಯ ಅಡಿಮರಗಳಾಗಿಯೂ, ತರುವಾಯದ ಕಾಲದಲ್ಲಿ ಪ್ಲೈವುಡ್ ಹಲಗೆಯಾಗಿಯೂ ಹೊರಟುಹೋದುದನ್ನು ಹಳ್ಳಿಗರು ಕಂಡರು. ತಾನು ಒಂದು ಹೊರೆ ಸೌದೆ ತಂದರೆ ದಂಡ, ಕಂತ್ರಾಟುದಾರನು ಲಾರಿ ತುಂಬಿದರೆ ಪರವಾನಿಗೆ ಎಂಬ ಕಹಿ ಅವರ ಮನಸ್ಸಿನಲ್ಲಿ ನೆಟ್ಟುಹೋಯಿತು. ಇಂದು ಅರಣ್ಯ ಇಲಾಖೆಯವರು ಒಳ್ಳೆಯ ಮಾತನ್ನೇ ಹೇಳಿದರೂ ಹಳ್ಳಿಯಲ್ಲಿ ನಂಬಿಕೆ ಹುಟ್ಟದಿರುವುದಕ್ಕೆ ಇದೇ ಕಾರಣ.

ಹಾಗೆಂದು ನಮ್ಮ ಜನರಿಗೆ ಕಾಡನ್ನು ಕಾಯುವ ಬುದ್ಧಿ ಇರಲಿಲ್ಲವೆಂದು ಯಾರೂ ಹೇಳಲಾರರು. ಕಾಯಿದೆ ಹುಟ್ಟುವುದಕ್ಕೆ ಮೊದಲೇ ನಾಗಬನಗಳಿದ್ದುವು, ಭೂತದ ಬನಗಳಿದ್ದುವು. ಅಲ್ಲಿಯ ಒಣಗಿದ ಕೊಂಬೆಯನ್ನು ಮುಟ್ಟಲೂ ಜನ ಅಂಜುತ್ತಿದ್ದರು. ಇಂದಿಗೂ ಪುತ್ತೂರಿನ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಜಾತಿಯ ಮರ ಉಳಿದಿದ್ದರೆ ಅದು ಇಂತಹ ಬನದಲ್ಲಿಯೇ. ಬೆಳೆಯನ್ನು ಹಾಳುಮಾಡುವ ಹಂದಿಯನ್ನು ಪಂಜುರ್ಲಿಯೆಂದೂ, ದನವನ್ನು ಹೊತ್ತೊಯ್ಯುವ ಹುಲಿಯನ್ನು ಪಿಲಿಚಾಮುಂಡಿಯೆಂದೂ ನಂಬಿ ಕೋಲ ಕಟ್ಟಿದ ತುಳುನಾಡಿನ ಒಕ್ಕಲಿಗನು, ಮೃಗಕ್ಕೂ ಈ ನೆಲದಲ್ಲಿ ಒಂದು ಪಾಲುಂಟೆಂಬುದನ್ನು ತನ್ನ ರೀತಿಯಲ್ಲಿ ಒಪ್ಪಿದ್ದನು. ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿಯೂ, ಸುಳ್ಯ ತಾಲೂಕಿನ ತೊಡಿಕಾನದ ಮತ್ಸ್ಯತೀರ್ಥದಲ್ಲಿಯೂ ದೇವರ ಮೀನುಗಳು ಮನುಷ್ಯರ ಕೈಯಿಂದ ಅಕ್ಕಿ ತಿನ್ನುವುದನ್ನು ನೋಡಿದವರು ಈ ಧರ್ಮವನ್ನು ಬಲ್ಲರು. ಆದರೆ ಬನದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ ಮರಗಳನ್ನು ತೆಗೆಯುವ ಚಾಳಿಯು ಈಚೆಗೆ ಹೆಚ್ಚುತ್ತಿರುವುದು. ಮರವಿಲ್ಲದ ನಾಗಬನವು ಹೆಸರಿಗೆ ಮಾತ್ರ ಬನ.

ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ೧೯೪೩ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ವು ಈ ಕುಮಾರಪರ್ವತದ ತಪ್ಪಲಿನ ಕೃಷಿಕನ ಕಥೆಯೇ. ಕಾಡನ್ನು ಕಡಿದು ತೋಟ ಮಾಡಿದವರ ಸಾಹಸ ಸಣ್ಣದಲ್ಲ; ಅವರ ಮಕ್ಕಳು ಮೊಮ್ಮಕ್ಕಳೇ ಇಂದಿನ ನಮ್ಮ ಅಡಿಕೆ ಬೆಳೆಗಾರರು. ಅವರ ಕಷ್ಟವೂ ಈಗ ಕಡಿಮೆಯಾಗಿಲ್ಲ. ಸಂಪಾಜೆ ಅರಂತೋಡು ಕಡೆಯ ತೋಟಗಳಲ್ಲಿ ಹಳದಿ ಎಲೆ ರೋಗ, ಮೇಲಿಂದ ಎಲೆಚುಕ್ಕಿ ರೋಗ, ಇವುಗಳ ಮೇಲೆ ಆನೆ, ಮಂಗ, ಹಂದಿಗಳ ಹಾವಳಿ. ೨೦೨೩ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಕೆಲಸಕ್ಕೆ ಹೊರಟ ತರುಣಿಯೊಬ್ಬಳೂ, ಅವಳ ನೆರವಿಗೆ ಧಾವಿಸಿದ ನೆರೆಯವರೊಬ್ಬರೂ ಆನೆಯ ದಾಳಿಯಲ್ಲಿ ಮೃತರಾದರು. ತರುವಾಯ ಪಳಗಿದ ಆನೆಗಳನ್ನು ತರಿಸಿ ಒಂದು ಆನೆಯನ್ನು ಹಿಡಿದು ಸಾಗಿಸಿದರು. ನೆರೆಯವಳಿಗಾಗಿ ಪ್ರಾಣವನ್ನೇ ಕೊಟ್ಟ ಆ ಹಳ್ಳಿಗನ ಮನೆಯವರ ಮುಂದೆ ನಿಂತು ಕಾಡಿನ ಸೌಂದರ್ಯವನ್ನು ವರ್ಣಿಸಲು ನಮಗೆ ನಾಲಗೆ ಏಳದು. ಕಾಡು ಉಳಿಯಬೇಕೆಂದು ಪೇಟೆಯವರು ಬಯಸುವುದಾದರೆ ಅದರ ಬೆಲೆಯನ್ನು ಹಳ್ಳಿಗನೊಬ್ಬನೇ ತೆರುವಂತಾಗಬಾರದು. ಇದು ದಯೆಯ ಮಾತಲ್ಲ, ನ್ಯಾಯದ ಮಾತು.

ಇನ್ನೊಂದು ಕಡೆಯಲ್ಲಿ ಘಟ್ಟವೂ ತನ್ನ ಎಚ್ಚರಿಕೆಯನ್ನು ಕೊಟ್ಟಿದೆ. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದು, ಕೊಡಗಿನ ಆ ಭಾಗದ ಜನ ಸಂಪಾಜೆ ಅರಂತೋಡುಗಳಿಗೆ ಉಟ್ಟ ಬಟ್ಟೆಯಲ್ಲಿ ಇಳಿದುಬಂದರು. ೨೦೨೨ರ ಆಗಸ್ಟಿನಲ್ಲಿ ಸುಬ್ರಹ್ಮಣ್ಯದ ಬಳಿಯಲ್ಲಿಯೇ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಬಾಲಕಿಯರು ತೀರಿಕೊಂಡರು. ಅತಿವೃಷ್ಟಿ ದೈವಾಧೀನವೆಂದು ಹೇಳಬಹುದು. ಆದರೆ ಕಡಿದಾದ ಇಳಿಜಾರನ್ನು ರಸ್ತೆಗೂ ಕಟ್ಟಡಕ್ಕೂ ಕೊರೆದು, ನೀರು ಹರಿಯುವ ದಾರಿಯನ್ನು ಮುಚ್ಚುವುದು ಮನುಷ್ಯಾಧೀನ. ಗುಂಡ್ಯದ ಜಲವಿದ್ಯುತ್ ಯೋಜನೆಗೆ ಒಪ್ಪಿಗೆ ಕೊಡಬಾರದೆಂದು ಮಾಧವ ಗಾಡ್ಗೀಳರ ಸಮಿತಿಯು ೨೦೧೧ರಲ್ಲಿಯೇ ಹೇಳಿತ್ತು. ಗುಂಡ್ಯ ಹೊಳೆಗೆ ಬರುವ ಎತ್ತಿನಹೊಳೆ ಮೊದಲಾದ ತೊರೆಗಳಿಂದ ೨೪ ಟಿ.ಎಂ.ಸಿ. ನೀರನ್ನು ಮೂಡಣ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತವನ್ನು ೨೦೨೪ರಲ್ಲಿ ಉದ್ಘಾಟಿಸಿದರು. ಬಯಲುಸೀಮೆಯ ನಮ್ಮ ಸೋದರರ ಬಾಯಾರಿಕೆ ನಿಜವಾದುದು. ಅದನ್ನು ಅಲ್ಲಗಳೆಯುವ ಸಂಕುಚಿತ ಬುದ್ಧಿ ನಮಗೆ ಬೇಡ. ಆದರೆ ಕೊಳವೆ ನೀರನ್ನು ಸಾಗಿಸಬಲ್ಲುದು, ಹುಟ್ಟಿಸಲಾರದು. ಹುಟ್ಟಿಸುವ ಕಾಡೇ ಸವೆದರೆ ಕೋಲಾರದವರಿಗೂ ಇಲ್ಲ, ಕಡಬದವರಿಗೂ ಇಲ್ಲ.

ಕಸ್ತೂರಿರಂಗನ್ ವರದಿಯ ವಿಚಾರವಾಗಿಯೂ ಒಂದು ಮಾತನ್ನು ಹೇಳಲೇಬೇಕು. ೨೦೧೩ರ ಆ ವರದಿ ಕರ್ನಾಟಕದಲ್ಲಿ ೨೦,೬೬೮ ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಕರಡು ಪ್ರಕಟಣೆಗಳು ಒಂದರಮೇಲೊಂದು ಹೊರಬಂದುವು. ೨೦೨೪ರಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ಅದನ್ನು ತಿರಸ್ಕರಿಸಿತು. ಈ ಮಧ್ಯದಲ್ಲಿ ಹಳ್ಳಿಯಲ್ಲಿ ಹಬ್ಬಿದುದು ಗಾಳಿಮಾತು: ಮನೆಯ ಮಾಡು ಸರಿಪಡಿಸಲು ಬಿಡುವುದಿಲ್ಲವಂತೆ, ತೋಟ ಬಿಡಿಸುವರಂತೆ. ಜನ ಬೆದರಿದುದು ಸಹಜ. ಇಂಗ್ಲಿಷಿನಲ್ಲಿ ಬರೆದು ರಾಜಧಾನಿಯಲ್ಲಿಟ್ಟ ಪುಸ್ತಕವನ್ನು ಬೆಟ್ಟದ ಬುಡದ ರೈತನು ಓದಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯ? ಯಾವ ಸರ್ವೆ ನಂಬರಿನಲ್ಲಿ ಏನು ಮಾಡಬಹುದು, ಏನು ಕೂಡದು ಎಂಬುದನ್ನು ಅವನ ಭಾಷೆಯಲ್ಲಿ, ಅವನ ಅಂಗಳದಲ್ಲಿ ನಿಂತು ಹೇಳಿದವರು ಎಷ್ಟು ಮಂದಿ? ತಿಳಿಸದೆ ಹೇರಿದ ಕಾಯಿದೆಯೂ, ತಿಳಿಯದೆ ಮಾಡಿದ ಪ್ರತಿಭಟನೆಯೂ ಕಾಡಿಗೆ ಸಮಾನವಾಗಿ ಕೇಡು.

ಇನ್ನು ವಿಹಾರಾರ್ಥಿಗಳ ವಿಷಯ. ೨೦೨೪ರ ಜನವರಿಯ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ನಾಡಿನಲ್ಲೆಲ್ಲ ಹರಡಿದುವು. ಅನಂತರ ಸರಕಾರ ಚಾರಣಕ್ಕೆ ತಡೆಹಾಕಿ, ಮುಂಚಿತವಾಗಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಮಿತವಾದ ಸಂಖ್ಯೆಯಲ್ಲಿ ಅವಕಾಶ ಕೊಡುವ ಏರ್ಪಾಡನ್ನು ತಂದಿತು. ಇದು ಸರಿಯಾದ ಕ್ರಮ. ತರುಣರು ಕಾಡಿಗೆ ಹೋಗುವುದೇ ತಪ್ಪೆಂದು ನಾವೆನ್ನೆವು. ಕಂಡವರಲ್ಲದೆ ಯಾರು ತಾನೆ ಪ್ರೀತಿಸಿಯಾರು? ಆದರೆ ದೇವಾಲಯದ ಒಳಾಂಗಣಕ್ಕೆ ಹೋಗುವಾಗ ಇರುವ ಮರ್ಯಾದೆ ಅಲ್ಲಿಯೂ ಇರಬೇಕು. ಗದ್ದಲವೆಬ್ಬಿಸಿ, ಪ್ಲಾಸ್ಟಿಕ್ ಎಸೆದು, ಶಿಖರದಲ್ಲಿ ಒಂದು ಚಿತ್ರ ತೆಗೆಸಿಕೊಂಡು ಇಳಿದವನು ಬೆಟ್ಟವನ್ನು ಹತ್ತಿರಬಹುದು, ಕಾಡನ್ನು ಕಂಡಿಲ್ಲ.

ಹಾಗಾದರೆ ಆಗಬೇಕಾದುದೇನು? ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಹೀಗಿದೆ. ಮೊದಲನೆಯದಾಗಿ, ಹಳೆಯ ನೈಜ ಕಾಡನ್ನೂ ನೆಟ್ಟ ತೋಪನ್ನೂ ಸರಕಾರದ ಲೆಕ್ಕದಲ್ಲಿ ಬೇರೆ ಬೇರೆಯಾಗಿ ಬರೆಯಬೇಕು. ಹಳೆಯ ಕಾಡಿಗೆ ಪ್ರತಿಯಾಗಿ ನೆಡುತೋಪನ್ನು ತೋರಿಸುವ ಪದ್ಧತಿ ನಿಲ್ಲಬೇಕು. ಎರಡನೆಯದಾಗಿ, ಬೆಳೆ ಕಳೆದುಕೊಂಡ ರೈತನು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯದಂತೆ, ಒಂದು ನಿಶ್ಚಿತ ಅವಧಿಯೊಳಗೆ ಹಣ ಅವನ 
ಕೈಸೇರಬೇಕು, ಆನೆ ಬಂದ ಸುದ್ದಿ ರಾತ್ರಿಯೇ ಊರಿಗೆ ಮುಟ್ಟುವ ವ್ಯವಸ್ಥೆ ಪ್ರತಿಯೊಂದು ಗ್ರಾಮದಲ್ಲಿಯೂ ಇರಬೇಕು. ಮೂರನೆಯದಾಗಿ, ಯಾವುದೇ ಗಡಿಯನ್ನು ಗುರುತಿಸುವ ಮೊದಲು ಕನ್ನಡದ ನಕ್ಷೆಯನ್ನೂ ಕನ್ನಡದ ವಿವರಣೆಯನ್ನೂ ಗ್ರಾಮಸಭೆಯ ಮುಂದಿಟ್ಟು, ಜನರ ಮಾತನ್ನು ಬರೆದುಕೊಳ್ಳಬೇಕು. ಪೇಟೆಯ ಮಹನೀಯರಲ್ಲಿಯೂ ನಮ್ಮದೊಂದು ಕೋರಿಕೆಯುಂಟು. ನಿಮ್ಮ ಮನೆತನದ ಬನದ ಮರಗಳನ್ನು ಕಡಿಸದಿರಿ. ನಿಮ್ಮ ಮಕ್ಕಳಿಗೆ ಹತ್ತು ಮರಗಳ ಹೆಸರನ್ನು ಅಜ್ಜ ಅಜ್ಜಿಯರ ಬಾಯಿಂದ ಕಲಿಸಿರಿ. ಧೂಪವಾವುದು, ರಾಂಪತ್ರೆಯಾವುದು ಎಂದು ತಿಳಿಯದವನಿಗೆ ಅದು ಕಳೆದುಹೋದುದೂ ತಿಳಿಯದು.

ಹಿಂದೆ ಕಂಪೆನಿಯ ಸರಕಾರ ನಮ್ಮ ಕಾಡನ್ನು ತನ್ನದೆಂದಾಗ ಅದು ನಮ್ಮದೆಂದು ವಾದಿಸಿದೆವು. ಈಗ ಅದು ನಿಜವಾಗಿಯೂ ನಮ್ಮದಾಗಿದೆ. ಇನ್ನು ಹೊಣೆಯನ್ನು ಹೊರಿಸಲು ಹೊರಗಿನ ಅರಸರಿಲ್ಲ. ಕಟ್ಟಡ ಬಿದ್ದರೆ ಮತ್ತೆ ಕಟ್ಟಬಹುದು, ರಸ್ತೆ ಕೆಟ್ಟರೆ ಮತ್ತೆ ಹಾಕಬಹುದು, ಮಂತ್ರಿಮಂಡಲ ಬಿದ್ದರೆ ಐದು ವರ್ಷಕ್ಕೆ ಮುಂಚೆಯೇ ಇನ್ನೊಂದು ಬರುವುದು. ಪುಷ್ಪಗಿರಿಯ ಕಾಡು ಮಾತ್ರ ಒಮ್ಮೆ ಹೋದರೆ ಹೋಯಿತು. ಅದನ್ನು ನಾವು ಬೆಳೆಸಲಿಲ್ಲ, ಬೆಳೆಸಲಾರೆವು. ಇದ್ದುದನ್ನು ಇದ್ದಂತೆ ಮುಂದಿನವರ ಕೈಗೆ ಒಪ್ಪಿಸುವುದಷ್ಟೇ ನಮ್ಮ ಪಾಲಿಗೆ ಬಂದ ಕೆಲಸ. ಅಷ್ಟನ್ನಾದರೂ ನೆಟ್ಟಗೆ ಮಾಡುವ.